ಬಾಣಂತಿಗೆ ಕೇಳಿಸಿದ ಸಪ್ಪಳ

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ನಾನು ಎದ್ದು ಒಳಗೆ ಹೋಗಿ ಬೇಳೆ ಆರಿಸುತ್ತ ಕೂಡುವವಳು. ಈಗಲೂ ಅಂಥವಳೇ. ಆದರೂ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಹಸ್ತ ಮಳೆಯ ದಿನಗಳಲ್ಲಿ ನಡೆದ ಒಂದು ಸಂಗತಿ ಹೇಳದೆ ಇರಲಾರೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ನಾವು ಸೇಡಂ ಕಡೆಯವರು. ಯಜಮಾನರು ರೈಲ್ವೆ ನೌಕರಿಯಲ್ಲಿದ್ದಾಗ ಇಲ್ಲಿ, ತೆಲುಗು ನಾಡಿನಲ್ಲಿ, ಮನೆ ಕಟ್ಟಿಸಿದರು. ಆಗ ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ಆಮೇಲೆ ಹಳೆಯ ರಸ್ತೆ ಕೀಳದೆ ಅದರ ಮೇಲೇ ಹೊಸದು ಹಾಕುತ್ತ ಹಾಕುತ್ತ ಮೆಟ್ಟಿಲುಗಳೆಲ್ಲ ಹೂತುಹೋದವು. ಈಗ ನಾವು ಮನೆಯೊಳಗೆ ಇಳಿದು ಹೋಗುತ್ತೇವೆ. "ಇದು ಮನಿ ಅಲ್ರಿ, ಬಾವಿ" ಅಂತ ಯಜಮಾನರ ತಲೆ ತಿನ್ನುತ್ತಿದ್ದೆ.

ಆ ವರ್ಷ ಮಗಳು ಶಿವಲೀಲಾ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣು ಕೂಸು. ಬಾಣಂತಿಗೆ ಗಾಳಿ ಸೋಕಬಾರದು ಅಂತ ಹಿಂದಿನ ಕೋಣೆಯನ್ನೇ ಆರಿಸಿದೆ. ಕಿಟಕಿಯಿಲ್ಲ, ಮನೆಯಲ್ಲೆಲ್ಲ ಅದೇ ತಗ್ಗು. ಹೊರಸಿನ ಕೆಳಗೆ ಅಗ್ಗಿಷ್ಟಿಕೆ, ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ಊಟಕ್ಕೆ ಕರೆಯಬೇಕಾದರೂ ಅವಳ ಹೆಗಲು ಅಲುಗಾಡಿಸಬೇಕಿತ್ತು.

ಒಂದು ಮಧ್ಯಾಹ್ನ ಅಂಟಿನುಂಡಿ ಕೊಡಲು ಹೋದಾಗ ಅವಳೇ ಕೇಳಿದಳು, "ಯವ್ವಾ, ಹಿತ್ತಲದಾಗ ಯಾರು ಬಟ್ಟಿ ಒಗ್ಯಾಕತ್ತಾರ? ಭಾಳ ಮಂದಿ ಅದಾರಲ್ಲ?"

ನಮಗೆ ಹಿತ್ತಲೇ ಇಲ್ಲ. ಗೋಡೆಯಾಚೆ ಕಾಂಕ್ರೀಟ್ ಹಾಕಿದ ಓಣಿ, ಅಲ್ಲಿ ಮಂದಿ ಕಾರು ನಿಲ್ಲಿಸುತ್ತಾರೆ. ಜ್ವರವೇನೋ ಅಂತ ಹಣೆ ಮುಟ್ಟಿದೆ, ತಣ್ಣಗಿತ್ತು. ಅಷ್ಟರಲ್ಲಿ ನನಗೂ ಕೇಳಿಸಿತು. ಧಪ್, ಧಪ್, ಧಪ್. ಕೆರೆ ದಂಡೆಯ ಮೇಲೆ ಹತ್ತಾರು ಹೆಂಗಸರು ಕಲ್ಲಿಗೆ ಬಟ್ಟೆ ಬಡಿದ ಹಾಗೆ. ಓಣಿಗೆ ಓಡಿದೆ. ಚುರುಗುಟ್ಟುವ ಬಿಸಿಲು, ಕಾರಿನ ನೆರಳಿನಲ್ಲಿ ಮಲಗಿದ ಒಂದು ಬೆಕ್ಕು, ಅಷ್ಟೇ. ಸಪ್ಪಳ ಕಾಂಕ್ರೀಟಿನ ಕೆಳಗಿಂದ ಬಂದು ಅಂಗಾಲಿಗೆ ತಾಗುತ್ತಿತ್ತು.

ಯಜಮಾನರನ್ನು ಕರೆತಂದು ನಿಲ್ಲಿಸಿದೆ. ಅವರಿಗೆ ಏನೂ ಕೇಳಿಸಲಿಲ್ಲ. "ಬಾಜೂಕ ಬಿಲ್ಡಿಂಗ್ ಕಟ್ಟಾಕತ್ತಾರಲ್ಲ, ಅದರ ಸಪ್ಪಳ ಇರಬೇಕು. ಸುಮ್ಮ ಒಳಗ ನಡಿ" ಅಂದರು. ಕೆಲಸದವರೆಲ್ಲ ಆಗ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತಿದ್ದರು.

ಸುಳ್ಳೇಕೆ ಹೇಳಲಿ, ಹೆದರಿದೆ. ಹಸಿ ಬಾಣಂತಿ, ಎಳೆಗೂಸು. ಆ ಕೋಣೆಯಲ್ಲಿ ಬಿಡಲು ಜೀವ ಒಪ್ಪಲಿಲ್ಲ. ಇಬ್ಬರನ್ನೂ ಮಾಳಿಗೆಯ ಮೇಲಿನ ಕೋಣೆಗೆ ಒಯ್ದೆ. ಎದುರುಮನೆಯ ಯಾದಮ್ಮ ಮೂಗಿನ ಮೇಲೆ ಬೆರಳಿಟ್ಟು, "ಅಮ್ಮೋ, ಬಾಲಿಂತನಿ ಗಾಲಿಲೋ ಪೆಡತಾರಾ?" ಅಂತ ತೆಲುಗಿನಲ್ಲಿ ಗದರಿದಳು. ಬಾಣಂತಿಯನ್ನು ಯಾರಾದರೂ ಗಾಳಿಗೆ ಒಡ್ಡುತ್ತಾರಾ ಅಂತ. ಯಜಮಾನರು, "ನಿನಗ ತಲಿ ಕೆಟ್ಟದ" ಅಂದರು. ನನಗೂ ಹಾಗೇ ಅನ್ನಿಸಿತ್ತು, ಆದರೆ ಇಳಿಸಿ ತರಲಿಲ್ಲ.

ಸಂಜೆಗೆ ಆಕಾಶ ಹರಿದುಬಿತ್ತು. ಬೀದಿಯ ನೀರು ಹೊಸ್ತಿಲು ದಾಟುವ ಮೊದಲೇ ಹಿಂದಿನ ಕೋಣೆಯ ನೆಲದಿಂದ ನೀರು ಉಕ್ಕಿತು. ನೋಡನೋಡುತ್ತಿದ್ದಂತೆ ಅಗ್ಗಿಷ್ಟಿಕೆ ಮುಳುಗಿ ಹೊರಸು ತೇಲಿತು. ನಾನು ಮಾಳಿಗೆಯ ಮೆಟ್ಟಿಲ ಮೇಲೆ ಕೂಸನ್ನು ಎದೆಗವಚಿಕೊಂಡು ಗೊಳೋ ಅಂತ ಅತ್ತೆ. ಯಜಮಾನರು ನನ್ನ ಪಕ್ಕ ಬಂದು ಕುಳಿತರು.

ಮರುದಿನ ಪಕ್ಕದ ಬಿಲ್ಡಿಂಗಿನ ಕೆಲಸದವರು, ನಮ್ಮ ಯಾದಗಿರಿ ಕಡೆಯ ಮಂದಿಯೇ, ನಿಂತ ನೀರಿಗೆ ದಾರಿ ಮಾಡಲು ಓಣಿಯ ಕಾಂಕ್ರೀಟ್ ಒಡೆದರು. ಕೆಳಗೆ ಹಳೆಯದೊಂದು ಕಾಲುವೆ. ಅದರ ಅಂಚಿಗೆ ಸಾಲಾಗಿ ಓರೆಯಾಗಿಟ್ಟ ಕಲ್ಲುಗಳು, ಕೈ ಜಾರುವಷ್ಟು ನುಣುಪು. ಅವರಲ್ಲೊಬ್ಬ ಹೆಣ್ಣುಮಗಳು ಬಗ್ಗಿ ನೋಡಿ, "ಅಕ್ಕಾರ, ಇವು ಬಟ್ಟಿ ಒಗಿಯೋ ಕಲ್ಲರಿ. ಇಲ್ಲಿ ಕೆರಿ ಇತ್ತೇನ್ರಿ?" ಅಂದಳು. ಇತ್ತಂತೆ. ಯಾದಮ್ಮನ ಅತ್ತೆ ಅದರಲ್ಲಿ ಬಟ್ಟೆ ಒಗೆದಿದ್ದಳಂತೆ. ಅಲ್ಲಿಯವರೆಗೆ ನಮಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಆ ಕಾಲುವೆಯನ್ನು ಮತ್ತೆ ಮುಚ್ಚಲು ನಾವು ಬಿಡಲಿಲ್ಲ. ಕಾರಿನವರ ಜೊತೆ ಸಾಕಷ್ಟು ಜಗಳವಾಯಿತು, ಆಗಲಿ. ಈಗ ಎಂಥ ಮಳೆ ಬಂದರೂ ನೀರು ತನ್ನ ದಾರಿ ಹಿಡಿದು ಹೋಗುತ್ತದೆ. ಬತ್ತಿದ್ದ ಬೋರಿನಲ್ಲಿ ಬೇಸಿಗೆಗೂ ನೀರು ಸಿಗುತ್ತದೆ. ಬಾಣಂತನ ಮುಗಿದ ಮೇಲೆ ಶಿವಲೀಲಾ ಗಂಗಮ್ಮನ ಪೂಜೆಯನ್ನು ನಳದ ಮುಂದೆ ಮಾಡದೆ ಆ ಕಲ್ಲುಗಳಿಗೇ ಅರಿಸಿನ ಕುಂಕುಮ ಹಚ್ಚಿ ಮಾಡಿದಳು. ಈಗ ಓಣಿಯ ಬಾಣಂತಿಯರೆಲ್ಲ, ಯಾದಮ್ಮನ ಸೊಸೆ ಕೂಡ, ಅಲ್ಲಿಗೇ ಬರುತ್ತಾರೆ. ನನ್ನ ಮೊಮ್ಮಗಳು ಆ ಕಾಲುವೆಯಲ್ಲಿ ಕಾಗದದ ದೋಣಿ ಬಿಡುತ್ತಾಳೆ.

ಎಲ್ಲೋ ಮೇಲೆ ಮಳೆಯಾಗಿ ನೆಲದಡಿ ನೀರು ಗುದ್ದಿರಬೇಕು ಅನ್ನುತ್ತಾರೆ ಯಜಮಾನರು. ಇದ್ದೀತು. ಹಾಗಾದರೆ ಪಕ್ಕದಲ್ಲೇ ನಿಂತ ಅವರಿಗೆ ಯಾಕೆ ಕೇಳಿಸಲಿಲ್ಲ?

ಮೊನ್ನೆ ಮಗಳನ್ನು ಕೇಳಿದೆ, "ನಿನ್ನ ಕಿವ್ಯಾಗ ಹತ್ತಿ ಇತ್ತಲ್ಲ, ಹ್ಯಾಂಗ ಕೇಳಿಸ್ತು?"

"ಹತ್ತಿ ಇತ್ತಲ್ಲ ಯವ್ವಾ, ಅದಕ್ಕ ಮ್ಯಾಲಿನ ಸಪ್ಪಳ ಯಾವುದೂ ಕೇಳಲಿಲ್ಲ. ತಳಗಿಂದಷ್ಟ ಕೇಳಿಸ್ತು" ಅಂದಳು.

ಅವಳ ಮಟ್ಟಿಗೆ ಅದು ಸರಿ. ಆದರೆ ನನ್ನ ಕಿವಿಯಲ್ಲಿ ಹತ್ತಿ ಇರಲಿಲ್ಲವಲ್ಲ!