ಪಕ್ಕದ ಮನೆಯ ಮೋಟಾರ್ ಮತ್ತು ನಾನು ಆರಿಸಿದ ಪ್ರಿಆಂಪ್

ನಮ್ಮ ತಂದೆಯ ರೆಕಾರ್ಡ್ ಪ್ಲೇಯರ್, ಒಂದು ಕಟ್ಟು ದೇವರನಾಮದ ರೆಕಾರ್ಡುಗಳ ಸಮೇತ ನನ್ನ ಪಾಲಿಗೆ ಬಂತು. ಶುಕ್ರವಾರ ಸಂಜೆ ದೀಪ ಹಚ್ಚಿ ಒಂದು ರೆಕಾರ್ಡ್ ಹಾಕಬೇಕು, ಇಷ್ಟೇ ನನ್ನ ಆಸೆ. ಆದರೆ ಮನೆಯ ಆಂಪ್ಲಿಫೈಯರಿಗೆ ನೇರವಾಗಿ ಸಿಕ್ಕಿಸಿದರೆ ಹಾಡು ಪಿಸುಗುಟ್ಟಿದಂತೆ ಕೇಳಿತು. ಮುಳ್ಳಿನಿಂದ ಬರುವ ಸದ್ದು ತೀರ ಸಣ್ಣದು, ಅದನ್ನು ದೊಡ್ಡದು ಮಾಡಲು ನಡುವೆ ಫೋನೋ ಪ್ರಿಆಂಪ್ ಅನ್ನುವ ಡಬ್ಬಿ ಇರಬೇಕು ಎಂದು ಯಜಮಾನರು ವಿಚಾರಿಸಿಕೊಂಡು ಬಂದರು.

ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಅಂಗೈಯಗಲದ್ದು. ಇನ್ನೊಂದು ಇಟ್ಟಿಗೆಯಂಥ ಕಪ್ಪು ಡಬ್ಬ, ಅದರ ಹಿಂದೊಂದು ತಿರುಪು. ಪ್ಲೇಯರಿನ ಅರ್ತಿಂಗ್ ತಂತಿ ಆ ತಿರುಪಿಗೆ ಹೋಗಬೇಕು ಅಂತ ಅಂಗಡಿಯವರು ಏನೋ ವಿವರಿಸುತ್ತಿದ್ದರು, ನಾನು ಕಿವಿಗೊಡಲಿಲ್ಲ. ಯಜಮಾನರಿಗೆ ದೊಡ್ಡದು ಮನಸ್ಸಿಗೆ ಬಂದಿತ್ತು. ಆ ಕರೀ ಡಬ್ಬ ದೇವರ ಮುಂದೆ ಯಾಕೆ, ಈ ಪುಟ್ಟದೇ ದೇವರಮನೆ ಪಕ್ಕದ ಹಲಗೆ ಮೇಲೆ ಚೆನ್ನಾಗಿ ಕೂರುತ್ತೆ ಎಂದು ನಾನೇ ಹಟ ಹಿಡಿದು ತಂದೆ. ಇದರಲ್ಲಿ ಆ ತಂತಿಗೆ ಜಾಗವೇ ಇರಲಿಲ್ಲ. ಸುತ್ತಿ, ದಾರ ಕಟ್ಟಿ, ಹಲಗೆಯ ಹಿಂದಕ್ಕೆ ತಳ್ಳಿಬಿಟ್ಟೆ.

ಹಾಡೇನೋ ದೊಡ್ಡದಾಯಿತು. ಅದರ ಅಡಿಯಲ್ಲಿ ಗುಂಯ್ ಅನ್ನುವ ಸದ್ದೂ ಬಂತು. ನಾವಿರುವುದು ಶಿಡ್ಲಘಟ್ಟ, ಪಕ್ಕದ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ಗೋಡೆಯಾಚೆ ದಿನವೆಲ್ಲ ಮೋಟಾರ್ ಓಡುತ್ತದೆ. ಅದರದೇ ಕಾಟ ಅಂತ ತೀರ್ಮಾನಿಸಿ ನೆಟ್ಟಗೆ ಹೋದೆ. ಆ ಮನೆಯಾಕೆ ನನಗಿಂತ ಚಿಕ್ಕವಳು, ಬಿಸಿನೀರಿನಲ್ಲಿ ಗೂಡು ಬೇಯಿಸಿಕೊಂಡು ಎಳೆ ಹುಡುಕುತ್ತಿದ್ದಳು.

"ನಿಮ್ ಮೋಟಾರಿಂದ ದೇವರ ಹಾಡು ಕೆಡ್ತಾ ಇದೆ ಕಣಮ್ಮ" ಅಂದೆ.

ಅವಳು ಎದ್ದು ಸ್ವಿಚ್ ಆರಿಸಿದಳು. ನೀವು ಹೋಗಿ ಕೇಳಿ ನೋಡಿ, ಅಲ್ಲೀವರೆಗೂ ಹಾಕಲ್ಲ ಅಂದಳು.

ಮನೆಗೆ ಬಂದು ಕೇಳಿದೆ. ಗೋಡೆಯಾಚೆಯ ಸದ್ದು ನಿಂತಿತ್ತು, ಹಾಡಿನಡಿಯ ಗುಂಯ್ ಹಾಗೇ ಇತ್ತು. ಕಾಂಪೌಂಡಿನ ಆಚೆಯಿಂದ ಅವಳ ದನಿ: "ಸರಿಹೋಯ್ತೇನಕ್ಕ?"

ಕೆಲಸ ನಿಲ್ಲಿಸಿ ಕಾದು ನಿಂತವಳಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಹ್ಞೂಂ, ಸರಿಹೋಯ್ತಮ್ಮ" ಅಂದುಬಿಟ್ಟೆ.

ಮುಂದಿನ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಮೋಟಾರ್ ತಾನಾಗಿ ನಿಂತಿತು. ನಾನು ಕೇಳಿರಲಿಲ್ಲ. ಅದರ ಮುಂದಿನ ಶುಕ್ರವಾರವೂ ನಿಂತಿತು. ಅವರ ಮನೆಮಾತು ತೆಲುಗು, ನನಗೂ ಅರ್ಥವಾಗುತ್ತೆ. ಬೇಯಿಸಿದ ಗೂಡು ಆರಿ ಎಳೆ ಹರಿಯುತ್ತಿದೆ ಎಂದು ಅವಳ ಗಂಡ ಗೊಣಗುವುದು ಕೇಳಿಸಿತು. "ಉಂಡನೀ, ದೇವುಡಿ ಪಾಟ" ಅಂತ ಅವಳು ಸುಮ್ಮನಾಗಿಸಿದಳು. ಇರಲಿ, ದೇವರ ಹಾಡು ಅಂತೆ. ನಾನು ಆ ಗುಂಯ್ ಕೇಳಿಕೊಂಡು ಕೈಮುಗಿದು ಕೂತಿದ್ದೆ. ದೇವರ ಮುಖ ನೋಡಲಾಗಲಿಲ್ಲ.

ಕೊನೆಗೆ ಯಜಮಾನರಿಗೆ ಹೇಳಿಕೊಂಡೆ. ಅವರು ಬೈಯಲಿಲ್ಲ, ಅದೂ ದೇವರ ದಯೆಯೇ. ಹಲಗೆಯ ಹಿಂದೆ ಕೈ ಹಾಕಿ ದಾರ ಕಟ್ಟಿದ ತಂತಿ ಎಳೆದು, "ಇದಕ್ಕೆ ಜುಟ್ಟು ಕಟ್ಟಿದೀಯಲ್ಲೇ" ಅಂದರು. ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಕಪ್ಪು ಡಬ್ಬ ತಂದು, ತಂತಿಯನ್ನು ತಿರುಪಿಗೆ ಬಿಗಿದರು. ಅಂದು ಗುರುವಾರ, ಪಕ್ಕದಲ್ಲಿ ಮೋಟಾರ್ ಓಡುತ್ತಲೇ ಇತ್ತು. ಸ್ಪೀಕರಿನಲ್ಲಿ ಹಾಡು ಬಿಟ್ಟು ಬೇರೇನೂ ಇರಲಿಲ್ಲ. ಯಜಮಾನರ ಮುಖ ಅರಳಿತು. ನನಗೆ ಅವರೆದುರು ನಿಲ್ಲಲಾಗಲಿಲ್ಲ.

ಆಗಲೇ ಪಕ್ಕದ ಮನೆಗೆ ಹೋದೆ. ಅವಳೊಬ್ಬಳೇ ಇದ್ದಳು, ಅಷ್ಟು ಮಾತ್ರ ಪುಣ್ಯ. ತಪ್ಪು ನಮ್ಮ ಡಬ್ಬಿಯದು, ಮೊದಲ ದಿನವೇ ಸರಿಹೋಗಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಅವಳು ನೀರಿನಿಂದ ಕೈ ತೆಗೆಯದೆ ತಲೆಯೆತ್ತಿ ನೋಡಿದಳು.

"ಅವತ್ತೇ ಹೇಳಿದ್ರೆ ನಾನೇನ್ ಅಂತಿದ್ದೆ ಅಕ್ಕ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಏನೂ ಅನ್ನುತ್ತಿರಲಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಅವಳ ಮುಂದೆ ಸಣ್ಣವಳಾಗುತ್ತೇನೆ ಅನ್ನುವುದಷ್ಟೇ ನನ್ನ ಭಯ.

ಮರುದಿನ ಸಂಜೆ ಮೋಟಾರ್ ನಿಲ್ಲಲಿಲ್ಲ. ದೀಪ ಹಚ್ಚಿದೆ, ರೆಕಾರ್ಡಿನ ಕಡೆಗೆ ಕೈ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಂಪೌಂಡಿನ ಆಚೆಯಿಂದ ಅವಳೇ ಕೂಗಿದಳು.

"ಏನಕ್ಕ, ಇವತ್ತು ಹಾಡಿಲ್ವಾ? ನಾನು ಮಿಷನ್ ನಿಲ್ಸಲ್ಲ ಮತ್ತೆ. ನೀವು ಹಾಕಿ."

ಮುಳ್ಳು ಇಟ್ಟೆ. ಮೋಟಾರಿನ ಸದ್ದಿನಲ್ಲಿ ಅವಳಿಗೂ ಕೇಳಲಿ ಅಂತ ಎಂದಿಗಿಂತ ಸ್ವಲ್ಪ ಜೋರಾಗಿಯೇ ಇಟ್ಟೆ.