ಬೆಂಕಿ ಆರಿದ ಬೆಂಕಿರೋಗ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬೂಷ್ಟಕ್ಕ ಎಂದೇ. ಎದುರಿಗೆ ಮಾತ್ರ ಮೇಡಂ. ಭತ್ತಕ್ಕೆ ಬೆಂಕಿರೋಗ ತರುವ ಶಿಲೀಂಧ್ರವನ್ನು ಗಾಜಿನ ತಟ್ಟೆಗಳಲ್ಲಿ ಸಾಕುವ ವಿಜ್ಞಾನಿ ಅವಳು. ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಗಟ್ಟಿಯಾಗಲು ಅಗರ್ ಬೆರೆಸಿ ಹೊಯ್ದು, ಹದವಾದ ಬಿಸಿಯ ಪೆಟ್ಟಿಗೆಯಲ್ಲಿ ಶಿಲೀಂಧ್ರವನ್ನು ಬೆಚ್ಚಗೆ ಮಲಗಿಸುತ್ತಿದ್ದಳು.

"ಮನೇಲಿ ಬ್ರೆಡ್ಡಿಗೆ ಬೂಷ್ಟು ಬಂದ್ರೆ ನನ್ನ ಮುಖಕ್ಕೆ ಹಿಡೀತೀಯ, ಅಲ್ಲಿ ಅದಕ್ಕೇ ಉಪಚಾರ" ಎಂದು ಗಂಡ ಗೊಣಗಿದರೆ, "ಅದು ಹೇಳಿದ ಮಾತು ಕೇಳತ್ತೆ ಕಣ್ರೀ" ಎನ್ನುತ್ತಿದ್ದಳು.

ಕೇಳುತ್ತಿತ್ತು. ಅದೇ ಎಡವಟ್ಟಾಯಿತು.

ಸಂಸ್ಥೆಯ ಹೊಸ ತಳಿಗೆ ಬೆಂಕಿರೋಗ ತಗಲುವುದಿಲ್ಲ ಎಂದು ಸಾರಲು ನಿರ್ದೇಶಕರು ಸಭಾಂಗಣ ಗೊತ್ತುಮಾಡಿ, ಬ್ಯಾನರನ್ನೂ ಬರೆಸಿಬಿಟ್ಟಿದ್ದರು. ಬಾಕಿ ಇದ್ದದ್ದು ಪರೀಕ್ಷೆಯ ವರದಿಗೆ ಬೂಷ್ಟಕ್ಕನ ಸಹಿ. ಶಿಲೀಂಧ್ರ ಕದಡಿದ ನೀರನ್ನು ಸಸಿಗಳ ಮೇಲೆ ಸಿಂಪಡಿಸಿದ್ದಳು. ಹೊಸ ತಳಿ ಹಚ್ಚಹಸಿರಾಗಿ ನಗುತ್ತಿತ್ತು. ಪಕ್ಕದಲ್ಲಿ ಹೋಲಿಕೆಗೆಂದು ಇಟ್ಟಿದ್ದು ಹಳೆ ತಳಿ, ಯಾರಾದರೂ ಸೀನಿದರೂ ರೋಗ ಹಿಡಿಸಿಕೊಳ್ಳುವಂಥದ್ದು. ಅದೂ ನಗುತ್ತಿತ್ತು! ಬೂಷ್ಟಕ್ಕ ಮಾತ್ರ ನಗಲಿಲ್ಲ. ನೇರ ನಿರ್ದೇಶಕರ ಕೋಣೆಗೆ ನುಗ್ಗಿದಳು.

"ಸಹಿ ಹಾಕಲ್ಲ ಸಾರ್. ರೋಗಕ್ಕೇ ರೋಗ ಬಡಿದಿದೆ."

"ಗಿಡ ಚೆನ್ನಾಗಿದೆ ಅಂತ ಅಳೋರನ್ನ ಇವತ್ತೇ ನೋಡಿದ್ದು, ಮೇಡಂ."

"ತಟ್ಟೆಯಿಂದ ತಟ್ಟೆಗೆ ಬಡಿಸಿ ಬಡಿಸಿ ಅದನ್ನ ಮನೆ ಅಳಿಯ ಮಾಡಿಟ್ಟಿದೀವಿ. ಕೂತಲ್ಲೇ ಸಕ್ಕರೆ ಸಿಕ್ಕರೆ ಎಲೆ ಯಾಕೆ ಕೊರೀಬೇಕು? ಗದ್ದೇಲಿರೋದು ಹೀಗೆ ಉಂಡು ಮಲಗಿರಲ್ಲ. ನಿಮ್ಮ ಮಾತು ನಂಬಿ ಬಿತ್ತಿದೋರ ಪೈರು ಸುಟ್ಟುಹೋದ್ರೆ?"

"ನಿಮ್ಮ ಬಡ್ತಿ ಫೈಲು ನನ್ನ ಮೇಜಿನ ಮೇಲಿದೆ, ನೆನಪಿರಲಿ."

"ಅಲ್ಲೇ ಇರಲಿ ಬಿಡಿ. ಬೂಷ್ಟು ಬಂದ್ರೆ ಹೇಳಿ, ನಾನೇ ಬಂದು ನೋಡ್ಕೋತೀನಿ."

ಸಭೆ ನಿಂತಿತು. ಬಡ್ತಿಯೂ ನಿಂತಿತು.

ಬೂಷ್ಟಕ್ಕ ಸಕ್ಕರೆ ಬಂದ್ ಮಾಡಿದಳು. ಶಿಲೀಂಧ್ರವನ್ನು ಹಳೆ ತಳಿಯ ಎಲೆಗಳ ಮೇಲೇ ಬಿಟ್ಟು, ಪ್ಲಾಸ್ಟಿಕ್ ಹೊದಿಸಿ, ಒಳಗೆ ತೇವ ಆರದಂತೆ ಕಾದಳು. ಬಹಳ ಕಾಲ ಏನೂ ಇಲ್ಲ. "ಅಳಿಯಂದಿರು ಎದ್ದರೇನಕ್ಕಾ?" ಎಂದು ಸಹೋದ್ಯೋಗಿಗಳು ಈಗ ಎದುರಿಗೇ ಕೆಣಕತೊಡಗಿದರು. ಕೊನೆಗೊಮ್ಮೆ ಒಂದು ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆಯೊಂದು ಮೂಡಿ ಅವಳನ್ನೇ ದಿಟ್ಟಿಸಿತು. ಆ ಚುಕ್ಕೆಯಿಂದ ಶಿಲೀಂಧ್ರವನ್ನು ಬಿಡಿಸಿ ಇನ್ನೊಂದು ಎಲೆಗೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿದಳು. ದಾಟಿದಷ್ಟೂ ಅದರ ಹಲ್ಲು ಚೂಪಾಯಿತು.

ಆಮೇಲೆ ಎರಡೂ ತಳಿಗಳ ಮೇಲೆ ಮತ್ತೆ ಸಿಂಪಡಿಸಿದಳು. ಹಳೆಯದು ಕೆಂಡ ಬಿದ್ದಂತೆ ಕಂದಿ ಮಲಗಿತು. ಹೊಸದು ರೋಗವನ್ನು ಅಲ್ಲಲ್ಲೇ ತಡೆದ ಗುರುತಿಗೆ ಸೂಜಿಮೊನೆಯಷ್ಟು ಕಲೆ ಹೊತ್ತು ನೆಟ್ಟಗೆ ನಿಂತಿತ್ತು.

ನಿರ್ದೇಶಕರು ಮೀಸೆಯಡಿ ನಗುತ್ತ ಬಂದರು. "ನಾನು ಮೊದಲೇ ಹೇಳಿರಲಿಲ್ವಾ ಮೇಡಂ?"

"ಹೇಳಿದ್ರಿ ಸಾರ್. ಗಿಡ ಹೇಳಿರಲಿಲ್ಲ."

ಅಲ್ಲೇ ನಿಂತು ಸಹಿ ಹಾಕಿದಳು. ಬಡ್ತಿಯ ಮಾತನ್ನು ಅವರು ಎತ್ತಲಿಲ್ಲ, ಅವಳು ಕೇಳಲಿಲ್ಲ. ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆದು, ಸಕ್ಕರೆಯುಂಡು ಮಲಗಿದ್ದ ಹಳೆ ತಟ್ಟೆಗಳನ್ನೆಲ್ಲ ಕುದಿಸಿ ಎಸೆಯಲು ಹೊರಗೆಳೆದಳು.

"ಏಳಿ ಅಳಿಯಂದಿರೇ, ಊಟ ಮುಗೀತು."