ಫುಲ್ ತೋರಿಸುತ್ತಿದ್ದ ಮುಳ್ಳು

ಅವರ ಬಲಗೈ ತೋರುಬೆರಳಿನ ಉಗುರು ಹುಣಸೆಬೀಜದ ಹಾಗೆ ಕಪ್ಪಗೆ, ದಪ್ಪಗಿತ್ತು. ಗೋಡೆ ಗಡಿಯಾರವಿರಲಿ, ಬಿಪಿ ಮೆಷೀನಿರಲಿ, ಅದರ ಗಾಜನ್ನು ಆ ಉಗುರಿನಿಂದ ಟಕ್ ಟಕ್ ಎಂದು ಬಡಿದು, "ನಿಜ ಹೇಳ್ತಿದ್ಯಾ?" ಎಂದು ಕೇಳುತ್ತಿದ್ದರು.

ಕುಮಾರಸ್ವಾಮಿ ಲೇಔಟಿನಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಅವರು. ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು, ಕೆಳಗಿನ ಕಾರ್ ಷೆಡ್ಡಿನಲ್ಲಿ ಕೂತಿರುತ್ತಿದ್ದರು. ಅಲ್ಲಿ ಕಾರಿರಲಿಲ್ಲ, ಟ್ರೇಲರಿನ ಮೇಲೊಂದು ಮೋಟಾರು ದೋಣಿಯಿತ್ತು.

"ಕಾರ್ ತಗೊಳ್ರೀ ಅಂದ್ರೆ ದೋಣಿ ತಂದ್ರು. ಈ ಲೇಔಟಲ್ಲಿ ಸಮುದ್ರ ಎಲ್ಲಪ್ಪಾ ಇದೆ?" ಎಂದು ಅವರ ಹೆಂಡತಿ, ಆಂಟಿ, ನನ್ನನ್ನು ಕೇಳುತ್ತಿದ್ದರು.

"ಮಳೆಗಾಲ ಬರ್ಲಿ, ತೋರಿಸ್ತೀನಿ" ಎನ್ನುತ್ತಿದ್ದರು ಅಂಕಲ್.

ಅವರ ತಂಗಿಯ ಊರು ಹಿನ್ನೀರಿನ ದಡದಲ್ಲಿದೆ. ಆಯುಧಪೂಜೆ ಕಳೆದ ಮೇಲೆ ಆಂಟಿಯನ್ನು ಅಲ್ಲಿಗೆ ಕರೆದೊಯ್ದು ದೋಣಿ ಹತ್ತಿಸಿದ್ದರು. ನಡುನೀರಿನಲ್ಲಿ ಎಂಜಿನ್ ನಿಂತಿತು. ಪೆಟ್ರೋಲ್ ಮೀಟರಿನ ಮುಳ್ಳು ಫುಲ್ ತೋರಿಸುತ್ತಿದ್ದರೂ ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರಲಿಲ್ಲ. ತೆಪ್ಪದವರು ಎಳೆದುತಂದರು. ಆ ಮುಳ್ಳು ಸರಿಯಾಗುವವರೆಗೂ ದೋಣಿಗೆ ಕಾಲಿಡುವುದಿಲ್ಲ ಎಂದು ಆಂಟಿ ಹೇಳಿಬಿಟ್ಟರು.

ಒಂದು ಶನಿವಾರ ಅಂಕಲ್ ನನ್ನನ್ನು ಕೆಳಗೆ ಕರೆದರು. "ಬಾರಪ್ಪ, ಅನುಮಾನದ ಪ್ರಾಣಿ, ನೀನೂ ನೋಡು. ನಾಳೆ ಇವಳನ್ನ ಕರ್ಕೊಂಡು ಹೋಗ್ಲೇಬೇಕು."

ಮುಳ್ಳಿಗೆ ಹೋಗುವ ವೈರನ್ನು ಬ್ಯಾಟರಿಯ ಅರ್ತ್‌ಗೆ ಮುಟ್ಟಿಸಿದೆವು. ಮುಳ್ಳು ಸೊನ್ನೆಗೆ ಬಿತ್ತು. ಅಂದರೆ ಮುಳ್ಳೂ ಸರಿ, ವೈರೂ ಸರಿ. ಪೆಟ್ರೋಲಿನ ಮಟ್ಟ ಹೇಳುವ, ಟ್ಯಾಂಕಿನೊಳಗಿನ ತೇಲುಬುರುಡೆಯೂ ಸಲೀಸಾಗಿ ಆಡುತ್ತಿತ್ತು. ಉಳಿದದ್ದು ಟ್ಯಾಂಕಿನ ಅರ್ತ್ ವೈರ್. ಅದರ ಬೋಲ್ಟ್ ಬಿಚ್ಚಿದಾಗ ಅಡಿಯಲ್ಲಿ ಹೊಳೆಯುವ ಕೆಂಪು ಬಣ್ಣ. ಆಯುಧಪೂಜೆಗೆ ಹೊಸ ಬಣ್ಣ ಕಾಣದ ಕಬ್ಬಿಣ ಆ ಮನೆಯಲ್ಲಿರಲಿಲ್ಲ. ಈಳಿಗೆಮಣೆಯ ಕಾಲೂ ಕೆಂಪು. ಬೋಲ್ಟಿನ ಜಾಗಕ್ಕೂ ಬಳಿದು, ಅದರ ಮೇಲೇ ವೈರ್ ಕೂರಿಸಿದ್ದರು. ಬಣ್ಣ ದಾಟಿ ಕರೆಂಟ್ ಹೋಗದೆ ಮುಳ್ಳು ಫುಲ್‌ನಲ್ಲೇ ನಿಂತಿತ್ತು.

"ಪೂಜೆ ಮಾಡಿ ನಾನೇ ಇದರ ಬಾಯಿ ಕಟ್ಟಿದೀನಲ್ಲೋ!" ಎಂದು ನೆಲಕ್ಕೆ ಕೂತು ನಕ್ಕರು. ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ವೈರ್ ಬಿಗಿದರು. ಖಾಲಿ ಟ್ಯಾಂಕಿಗೆ ಮುಳ್ಳು ಸೊನ್ನೆ ತೋರಿಸಿತು.

ಮರುದಿನ ಬೆಳಿಗ್ಗೆ ಆಂಟಿಯ ಕೂಗಿಗೆ ಓಡಿ ಇಳಿದೆ. ಅಂಕಲ್ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಆಂಟಿ ಷೆಡ್ಡಿಗೆ ಬಂದರು. "ಮುಳ್ಳು ಸರಿಯಾಯ್ತು ಅಂದಿದ್ರು. ನಿಜಾನಾ, ಇಲ್ಲಾ ನನ್ನ ಹತ್ತಿಸೋಕೆ ಸುಮ್ನೆ ಹೇಳಿದ್ರಾ?"

"ನಿಜ ಆಂಟಿ. ನಾನೇ ನೋಡಿದೀನಿ" ಎಂದು ಕೀ ತಿರುಗಿಸಿದೆ.

ಮುಳ್ಳು ಎದ್ದು ಫುಲ್‌ಗೆ ಹೋಗಿ ನಿಂತಿತು.

ಆವತ್ತು ಮುಳ್ಳು ಸೊನ್ನೆಗೆ ಬಿದ್ದದ್ದನ್ನು ನೋಡಿದ್ದೆನೋ, ಅವರ ನಗುವಿನ ಭರದಲ್ಲಿ ನೋಡಿದ ಹಾಗೆ ಅನ್ನಿಸಿತ್ತೋ? ಗಾಜನ್ನು ಬಡಿದೆ. ಮುಳ್ಳು ಕದಲಲಿಲ್ಲ. ಆಂಟಿ ಮುಖ ತಿರುಗಿಸಿದರು.

ಸೀಟಿನಡಿ ಅಂಕಲ್ ಇಟ್ಟಿದ್ದ ಬೇವಿನ ಕಡ್ಡಿಯನ್ನು ತೆಗೆದು ಟ್ಯಾಂಕಿಗೆ ಅದ್ದಿದೆ. ಕಡ್ಡಿ ಹಿಡಿದ ಬೆರಳಿನವರೆಗೂ ಪೆಟ್ರೋಲಿನಲ್ಲಿ ಒದ್ದೆಯಾಗಿ ಬಂತು.

ಆ ಶನಿವಾರ ನಾನು ಮಹಡಿ ಹತ್ತಿದ ಮೇಲೆ ಅಂಕಲ್ ಒಬ್ಬರೇ ಪೆಟ್ರೋಲ್ ಬಂಕಿಗೆ ಹೋಗಿಬಂದಿರಬೇಕು. ಕತ್ತಿನವರೆಗೂ ತುಂಬಿಸಿಟ್ಟಿದ್ದರು.

ಆಂಟಿ ಕಡ್ಡಿಯನ್ನು ಇಸಿದುಕೊಂಡು ಮೂಸಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಹಿಡಿದು, ಒಂದು ಹನಿ ನೀರಿಲ್ಲದ ಆ ಷೆಡ್ಡಿನಲ್ಲೇ ದೋಣಿ ಹತ್ತಿ ಕೂತರು.